ಕೈಗೆ ಸುತ್ತಿಕೊಂಡ ಹಗ್ಗ

ತೆಪ್ಪ ಬಂಡೆಗೆ ತಾಗಿ ವಾಲಿತು. ಎಲ್ಲರೂ ಅಂಚು ಹಿಡ್ಕೊಂಡ್ರು, ನಾನು ಮಾತ್ರ ಲಸಿಕೆ ಡಬ್ಬಿ ಹಿಡಿಯೋಕೆ ಹೋದೆ.

ಡಬ್ಬಿ ತೆಪ್ಪದಲ್ಲೇ ಉಳೀತು. ನಾನು ಹೊಳೆಗೆ ಬಿದ್ದೆ!

ಎಪ್ಪತ್ತರ ದಶಕದ ಕೊನೆ. ಹರಿಹರದ ಹತ್ತಿರ ತುಂಗಭದ್ರೆ, ಶ್ರಾವಣದ ಕೆಂಪು ನೀರು. ನಾನಾಗ ಹೊಸ ನರ್ಸ್, ಆಚೆ ದಂಡೆಯ ಹಳ್ಳಿಗೆ ಲಸಿಕೆ ಹಾಕೋಕೆ ಹೋಗಿ ಬರ್ತಿದ್ದೆ. ಸೇತುವೆ ಮೇಲೆ ಹೋದ್ರೆ ದೊಡ್ಡ ಸುತ್ತು, ಅದಕ್ಕೇ ತೆಪ್ಪ.

ಇರೋದಕ್ಕೆ ದಾವಣಗೆರೆಯ ಆನೆಕೊಂಡದಲ್ಲಿ ಒಂದು ರೂಮು. ದಿನವಿಡೀ ಯಾರ್ಯಾರದೋ ಕೈ ಹಿಡಿದು ನಾಡಿ ನೋಡ್ತಿದ್ದೆ. ಆದ್ರೆ ನನ್ನನ್ನ ಹೆಸರು ಹಿಡಿದು ಕರೆಯೋರು ಅಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ನಾನು ನರ್ಸಮ್ಮ, ಅಷ್ಟೇ.

ತೆಪ್ಪ ಹಾಕೋನು ಹನುಮಂತಪ್ಪ. ಅವನ ಹೆಂಡತಿ ದುರ್ಗಮ್ಮ ಮಳೆಗಾಲದಲ್ಲಿ ದಡದ ಮೇಲೆ ಹಗ್ಗ ಇಟ್ಕೊಂಡು ಕೂತಿರ್ತಿದ್ದಳು. ತೇಲಲಿ ಅಂತ ಅದರ ತುದಿಗೆ ಒಣಗಿದ ಸೋರೆಬುರುಡೆ.

ತೆಪ್ಪ ಹತ್ತೋರಿಗೆಲ್ಲ ಅವಳದು ಒಂದೇ ಮಾತು: "ಬಿದ್ರೆ ಹಗ್ಗ ಎದೀಗೆ ಅವುಚ್ಕಳ್ರಿ, ಕೈಗೆ ಸುತ್ಕಾಬ್ಯಾಡ್ರಿ."

ನಾನೂ ಹೂಂ ಅಂತ ತಲೆ ಆಡಿಸಿದವಳೇ.

ನಾನು ಬಿದ್ದಿದ್ದೇ ದುರ್ಗಮ್ಮ ಹಗ್ಗ ಎಸೆದಳು. ಬುರುಡೆ ನನ್ನ ತಲೆ ದಾಟಿ ಆಚೆ ಬಿತ್ತು, ಹಗ್ಗ ಹೆಗಲ ಮೇಲೇ ಬಂತು. ಹಿಡಿದೆ. ಹಿಡಿದವಳು ಸರಸರ ಅಂತ ಕೈಗೆ ಸುತ್ಕೊಂಡುಬಿಟ್ಟೆ...

ಬಾವಿ ನೀರು ಸೇದಿ ಬೆಳೆದ ಕೈ ನನ್ನದು. ತುಂಬಿದ ಕೊಡ ಜಾರಬಾರದು ಅಂತ ಸುತ್ಕೊಳ್ಳೋದೇ ಅದಕ್ಕೆ ಗೊತ್ತು.

ಹೊಳೆ ಆ ಕಡೆ ಎಳೀತಿದೆ, ಹಗ್ಗ ಈ ಕಡೆ. ಮಣಿಕಟ್ಟು ಕತ್ತರಿಸಿ ಹೋದಂಗೆ ಉರೀತಿದೆ. ನೀರು ತಲೆ ಮೇಲೆ ಹತ್ತಿ ಹರೀತಿದೆ, ಬಿಡಿಸ್ಕೊಳ್ಳೋಣ ಅಂದ್ರೆ ಹಗ್ಗ ಬಿಡ್ತಿಲ್ಲ.

"ಬಿಚ್ರಿ ನರ್ಸಮ್ಮಾ! ಬಿಚ್ಚಿ ಹಿಡ್ಕಳ್ರಿ!" ದಡದಿಂದ ದುರ್ಗಮ್ಮ ಕೂಗಿದಳು.

ಎಲ್ಲಿಂದ ಬಿಚ್ಚಲಿ?

ಅಷ್ಟರಲ್ಲಿ ಹಗ್ಗ ಒಮ್ಮೆಲೇ ಸಡಿಲಾಯ್ತು. ಕೈ ಬಿಟ್ಟಳು ಅಂದ್ಕೊಂಡೆ. ನಿಜ ಹೇಳ್ತೀನಿ, ಮುಳುಗೋದಕ್ಕಿಂತ ಅದಕ್ಕೇ ಹೆಚ್ಚು ಹೆದರಿದೆ.

ಅವಳು ಬಿಟ್ಟಿರಲಿಲ್ಲ. ನಾನು ಬಿಚ್ಕೊಳ್ಳಲಿ ಅಂತ ಹಗ್ಗ ಸಡಿಲ ಕೊಟ್ಟು, ನೀರಿನ ಜೊತೆ ದಡದಗುಂಟ ಓಡಿ ಬರ್ತಿದ್ದಳು.

ಸುತ್ತು ಬಿಚ್ಚಿದೆ. ಹಗ್ಗ ಎದೆಗೆ ಅವುಚಿ ಅಂಗಾತ ತೇಲಿದೆ. ಅವಳು ಹಗ್ಗ ಬಿಗಿ ಹಿಡಿದು ಮರಳಲ್ಲಿ ಹಿಮ್ಮಡಿ ಊರಿ ಕೂತಳು ನೋಡಿ, ಹೊಳೆಯೇ ನನ್ನನ್ನ ತಿರುಗಿಸಿ ದಡಕ್ಕೆ ತಂದು ಹಾಕ್ತು.

ನನಗೆ ಉಸಿರು ಬಂದಿದ್ದು ನೋಡಿ ದುರ್ಗಮ್ಮ ತೆಪ್ಪದ ಕಡೆ ಓಡಿದಳು. ಅದರಲ್ಲಿ ಇನ್ನೂ ಜನ ಇದ್ರು, ಎಲ್ಲರೂ ಉಳಿದ್ರು.

ದಾವಣಗೆರೆ ಬಸ್ಸಲ್ಲಿ ನನ್ನ ಒದ್ದೆ ಸೀರೆ ನೋಡಿ ಪಕ್ಕದಲ್ಲಿದ್ದಾಕೆ ಎದ್ದು ಬೇರೆ ಸೀಟಿಗೆ ಹೋದಳು. ಏನಾಯ್ತು ಅಂತ ಕೇಳ್ತಾಳೇನೋ ಅಂತ ನಾನು ಉತ್ತರ ಬೇರೆ ಸಿದ್ಧ ಮಾಡ್ಕೊಂಡಿದ್ದೆ!

ರೂಮಿಗೆ ಬಂದು ಬ್ಯಾಂಡೇಜ್ ಬಟ್ಟೆ ತೆಗೆದೆ. ಊರವರಿಗೆಲ್ಲ ಪಟ್ಟಿ ಕಟ್ಟಿದವಳು, ನನ್ನ ಮಣಿಕಟ್ಟಿಗೆ ಒಂದು ತುದಿ ಹಲ್ಲಲ್ಲಿ ಕಚ್ಚಿ ಒಂದೇ ಕೈಲಿ ಗಂಟು ಹಾಕಬೇಕಾಯ್ತು. ಗಂಟು ಜಾರ್ತಾನೇ ಇತ್ತು. ಆಗ ಅಳು ಬಂತು. ನೋವಿಗಲ್ಲ.

ಮುಂದಿನ ವಾರ ಹೊಳೆ ಹತ್ರ ಹೋದಾಗ ದುರ್ಗಮ್ಮ ಹಗ್ಗ ಕೆಳಗಿಟ್ಟು ಎದ್ದು ಬಂದಳು.

"ಕೈ ತೋರ್ಸ್ರಿ ಇಲ್ಲಿ. ಇನ್ನೂ ನೋವು ಐತೇನು?"

ನನ್ನ ಮಣಿಕಟ್ಟು ತನ್ನ ಅಂಗೈಯಲ್ಲಿಟ್ಕೊಂಡು ನೋಡಿದಳು. ಇಲ್ಲ ಅಂದೆ. ಆದ್ರೂ ಕೈ ಹಿಂದಕ್ಕೆ ತಗೊಳ್ಳಲಿಲ್ಲ. ತೆಪ್ಪ ಹೊರಡೋ ತನಕ ಹಂಗೇ ನಿಂತಿದ್ದೆ.

ಈಗ ರಿಟೈರಾಗಿ ದಾವಣಗೆರೆಯ ವಿದ್ಯಾನಗರದಲ್ಲಿದ್ದೀನಿ, ಒಬ್ಬಳೇ. ಮೊನ್ನೆ ತಲೆಸುತ್ತು ಅಂತ ಆಸ್ಪತ್ರೆಗೆ ಹೋದೆ. ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಪರದೆ ನೋಡಿ, ನಾಡಿ ಸರಿಯಾಗಿದೆ ಅಂದ್ರು. ಕೈ ಯಾರೂ ಹಿಡೀಲಿಲ್ಲ.

ನಿಮ್ಮ ಕೈಯನ್ನ ಕೊನೇ ಸಲ ಹಾಗೆ ಹಿಡಿದು ನೋಡಿದ್ದು ಯಾರು, ನೆನಪಿದೆಯಾ?