ಕೆಮ್ಮಿಗೆ ಬೀಳುವ ತಾಳ

ನಾನು ಯಾರನ್ನೂ ಬಿಟ್ಟವನಲ್ಲ. ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಮೂಗಿನಿಂದ "ಸಿಂದಗಿ, ಸಿಂದಗಿ" ಎಂದು ಕೂಗುವವ, ರೇಡಿಯೋದಲ್ಲಿ ವಾರ್ತೆ ಓದುವವರು, ಸೊಸೆಯಾದ ನಮ್ಮವ್ವನನ್ನು ಬಯ್ಯುತ್ತಲೇ ನಡುನಡುವೆ ದೇವರಿಗೆ ಕೈ ಮುಗಿಯುವ ನಮ್ಮ ಆಯಿ, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಬಿ.ಎ. ಎರಡು ಸಲ ಫೇಲಾಗಿ ಮನೆಯಲ್ಲಿ ಕೂತ ಇಪ್ಪತ್ತೆರಡರ ಗಂಡಸಿಗೆ ಬೇರೆ ಉದ್ಯೋಗವೇನಿತ್ತು? ನನ್ನನ್ನೇ ಅಣಕಿಸಿಕೊಂಡು ತೋರಿಸಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ. "ಇದನ್ನ ದಿನಾ ನೋಡ್ತೇವಲ್ಲ" ಎನ್ನುತ್ತಿದ್ದರು.

ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದ ಮಾಲೆಂದರೆ ಕಾಕಾನ ಕೆಮ್ಮು.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಊರ ಹೊರಗೆ ನಿಂಬೆ ತೋಟ ಮಾಡಿದವ, ನಮ್ಮ ಮುತ್ಯಾನ ಭಜನಿ ಮೇಳದಲ್ಲಿ ಮುಂದಿನ ಹಾಡುಗಾರ. ಅಪ್ಪನ ಅಪ್ಪನಾದ ಮುತ್ಯಾನಿಗಿಂತ ಹತ್ತು ಹದಿನೈದು ವರ್ಷ ಸಣ್ಣವ, ಆದರೂ ತಲೆ ಪೂರ್ತಿ ಬೆಳ್ಳಗೆ. ನಾಲ್ಕೇ ಮಂದಿಯ ಮೇಳ ಅದು. ಕಾಕಾನ ಏಕತಾರಿ, ಮನಗೂಳಿಯಿಂದ ಬಸ್ಸು ಹತ್ತಿ ಬರುವ ದರ್ಜಿಯ ಹಾರ್ಮೋನಿಯಂ ಪೇಟಿ, ನಮ್ಮ ಓಣಿಯ ಹಿರಿಯರೊಬ್ಬರ ತಬಲಾ, ಮುತ್ಯಾನ ಕಂಚಿನ ಜೋಡಿ ತಾಳ. ಅಮಾವಾಸ್ಯೆಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಿದ್ದರು. ತಬಲಾದವರಿಗೆ ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣದಂತಾಗಿ, ರಾತ್ರಿಯ ಭಜನೆ ಮಧ್ಯಾಹ್ನಕ್ಕೆ ಸರಿದಿತ್ತು. "ದೇವರಿಗೆ ಮಧ್ಯಾಹ್ನದ ನಿದ್ದೀನೂ ಇಲ್ಲದಂಗ ಮಾಡಿದ್ರಿ" ಎಂದು ಹೇಳಿ ನಾನು ಬೈಸಿಕೊಂಡಿದ್ದೆ.

ಅವರದೊಂದು ಪದ್ಧತಿ. ಕಾಕಾ ಮೊದಲ ಸಾಲನ್ನು ಬರೀ ಏಕತಾರಿಯ ಮೇಲೆ ಎಳೆಎಳೆದು ಹಾಡುತ್ತಾನೆ. ಅದು ಮುಗಿದ ಕೂಡಲೇ ತಾಳ ಬೀಳಬೇಕು. ತಾಳ ಬಿದ್ದ ಮೇಲೆಯೇ ಪೇಟಿ, ತಬಲಾ. ತಾಳದವ ತಪ್ಪಿದರೆ ಬೆನ್ನ ಹಿಂದಿನವರೆಲ್ಲ ಹಳ್ಳಕ್ಕೆ. ಆ ಸಾಲಿಗೂ ತಾಳಕ್ಕೂ ನಡುವೆ ಕಾಕಾ ತನ್ನ ನಲವತ್ತು ವರ್ಷದ ಬೀಡಿ ಗಂಟಲಿನಿಂದ ಒಂದು ಕೆಮ್ಮು ಕೆಮ್ಮುತ್ತಿದ್ದ. ಎರಡೂ ಹೆಗಲು ಕಿವಿಯ ತನಕ ಏರಿ, "ಖ್ಹುಂ" ಎಂದು ಇಳಿಯುತ್ತಿದ್ದವು. ಇವರ ಹತ್ತಿರ ಪದ ಕಲಿತುಕೊಂಡು ಹೋದ ಕನ್ನೊಳ್ಳಿಯ ಹುಡುಗರು ಕೆಮ್ಮೂ ಪದದೊಳಗಿನದೇ ಎಂದು ತಿಳಿದಿದ್ದರು. ಎಂಟು ಹತ್ತು ಮಂದಿ ಸಾಲಾಗಿ ಕೂತು ಒಟ್ಟಿಗೆ ಕೆಮ್ಮಿ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆ ವರ್ಷ ಸಿಂದಗಿಯ ಡಾಕ್ಟರೊಬ್ಬರು ಕಾಕಾನ ಬೀಡಿ ಬಿಡಿಸಿದರು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಎಲ್ಲರಿಗೂ ಖುಷಿ, ವ್ಯಾಪಾರ ಕೆಟ್ಟ ನನಗೊಬ್ಬನಿಗೆ ಬಿಟ್ಟು. ಅದೇ ಹೊತ್ತಿಗೆ ಮುತ್ಯಾ ತಾಳ ತಪ್ಪತೊಡಗಿದ. ಅವನ ಕಿವಿ ಹೋಗಿ ಬಹಳ ವರ್ಷವಾಗಿತ್ತು, ಆದರೂ ಒಂದು ದಿನ ತಪ್ಪಿದವನಲ್ಲ. ಈಗ ಕಾಕಾನ ಮನೆಯ ಭಜನೆಯಲ್ಲಿ ಮೂರು ಪದಕ್ಕೆ ಮೂರು ಸಲ ತಪ್ಪಿದ.

"ತಾಳ ಇನ್ನ ಯಾರರೆ ಹುಡುಗರ ಕೈಯಾಗ ಕೊಡೂಣ್ರಿ" ಎಂದ ಪೇಟಿಯವ, ಮೆಲ್ಲಗೆ. ಮುತ್ಯಾನಿಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡ.

ಮನೆಗೆ ಬಂದು ಆಯಿಗೆ ಹೇಳಿದ: "ಮುಂದಿನ ಅಮಾಸಿ ನಮ್ಮ ಮನ್ಯಾಗ ಐತಿ. ಅವತ್ತ ಬಾರಸ್ತೇನಿ. ಮತ್ತ ತಪ್ಪಿದ್ರ ತಾಳ ಗೂಟಕ್ಕ ಹಾಕ್ತೇನಿ. ಆಮ್ಯಾಲ ಮುಟ್ಟೂದಿಲ್ಲ."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಆ ರೊಟ್ಟಿ ಹರಿಯಿತು.

ಒಂದು ಮುಂಜಾನೆ ಅವಳನ್ನು ನಗಿಸೋಣವೆಂದು, ಅಡಿಗೆಮನೆಯ ಬಾಗಿಲಲ್ಲಿ ಸೌಟನ್ನೇ ಏಕತಾರಿ ಮಾಡಿಕೊಂಡು ಕಾಕಾನ ಹಾಗೆ ಒಂದು ಸಾಲು ಎಳೆದೆ. ಹೆಗಲೇರಿಸಿ "ಖ್ಹುಂ" ಎಂದೆ.

ಪಡಸಾಲೆಯಲ್ಲಿ ತಾಳ ಒರೆಸುತ್ತ ಕೂತ ಮುತ್ಯಾ ನನ್ನ ಕಡೆ ನೋಡುತ್ತಿದ್ದ. ಅವನ ಕೈ ತಮ್ಮಷ್ಟಕ್ಕೆ ಬಡಿದವು. ಠಣ್!

ಆಯಿ ನನ್ನ ಮುಖ ನೋಡಿದಳು. ಕೆಮ್ಮು ಬಿಟ್ಟು ಇನ್ನೊಮ್ಮೆ ಹಾಡಿದೆ. ಮುತ್ಯಾನ ಕೈ ಗಾಳಿಯಲ್ಲಿ ಹಾಗೇ ನಿಂತವು. ಕೆಮ್ಮಿದೆ. ಠಣ್!

"ಅಯ್ಯ ಶಿವನ! ಇವರು ಇಷ್ಟ ದಿನ ಅವನ ಹೆಗಲ ನೋಡಿ ಬಾರಸ್ತಿದ್ದರೇನೋ!"

"ಹೇಳೂಣೇನ ಆಯಿ?"

"ಏನಂತ ಹೇಳ್ತಿ? ನೀವು ಹಾಡ ಕೇಳಿಲ್ಲ, ಕೆಮ್ಮ ನೋಡೀರಿ ಅಂತನಾ? ಬ್ಯಾಡ. ಅದಕ್ಕಿಂತ ಗೂಟ ಚಲೋ."

ಕಾಕಾನ ತೋಟಕ್ಕೆ ಓಡಿದೆ. "ಕಾಕಾ, ಅಮಾಸಿ ದಿನ ಪದಕ್ಕೊಂದ ಸಲ ಕೆಮ್ಮರಿ" ಎಂದೆ. ಊರೆಲ್ಲ ಅವನ ಕೆಮ್ಮು ಮಾರಿ ಬಂದವನು ಹೋಗಿ ಹಾಗೆ ಕೇಳಬಾರದು.

"ಮಾಲ ತೀರೇತೇನೋ ಹಲ್ಕಟ್? ನನ್ನ ಹಂತ್ಯಾಕ ತುಂಬಿಸ್ಕೊಳ್ಳಾಕ ಬಂದಿ?" ಎಂದು ಮುಳ್ಳಿನ ನಿಂಬೆ ಟೊಂಗೆ ಎತ್ತಿಕೊಂಡ. ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು, ಕಾಲು ಮಾತ್ರ ಓಡಿದವು.

ಅಮಾವಾಸ್ಯೆ ಬಂತು. ಪಡಸಾಲೆಯಲ್ಲಿ ಜಮಖಾನೆ, ಓಣಿಯ ಹದಿನೈದು ಇಪ್ಪತ್ತು ಮಂದಿ, ಒಳಗೆ ಚುರಮುರಿ ಸೂಸಲಾಕ್ಕೆ ಹಾಕಿದ ಒಗ್ಗರಣೆಯ ವಾಸನೆ. ನಾನು ಕಾಕಾನ ಬೆನ್ನ ಹಿಂದೆ, ಮುತ್ಯಾನಿಗೆ ಎದುರಾಗಿ ಕೂತೆ.

ಕಾಕಾ ಮೊದಲ ಪದದ ಸಾಲು ಮುಗಿಸಿದ. ನಾನು ಹೆಗಲೇರಿಸಿದೆ. ಖ್ಹುಂ. ಠಣ್! ಪೇಟಿ ಬಂತು, ತಬಲಾ ಬಂತು. ಅಡಿಗೆಮನೆಯ ಬಾಗಿಲಲ್ಲಿ ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು.

ಎರಡನೆಯ ಪದಕ್ಕೂ ಹಾಗೇ. ಆದರೆ ಈ ಸಲ, ಬಿಟ್ಟುಹೋದ ಕೆಮ್ಮು ಬೆನ್ನ ಹಿಂದಿನಿಂದ ತನ್ನನ್ನು ಹುಡುಕಿಕೊಂಡು ಬಂದದ್ದು ಕಾಕಾನಿಗೆ ತಿಳಿಯಿತು. ಪದ ಮುಗಿದದ್ದೇ ತಡ, ತಿರುಗಿದ.

"ಲೇ, ದೇವರ ಮುಂದನೂ ಬಿಡೂದಿಲ್ಲೇನ ನಿನ್ನ ಮಂಗ್ಯಾನಾಟ?"

ಎಲ್ಲರೂ ನನ್ನ ಕಡೆ ನೋಡಿದರು. ಊರ ಮಂದಿಯ ದನಿಯೆಲ್ಲ ಬರುತ್ತಿದ್ದ ನನಗೆ ಆಗ ನನ್ನ ದನಿಯೇ ಬರಲಿಲ್ಲ. ಮುತ್ಯಾನ ಕಡೆ ನೋಡಿದೆ, ಅಷ್ಟೆ. ಕಾಕಾನೂ ಅತ್ತ ನೋಡಿದ. ಮುತ್ಯಾ ತಾಳ ಎರಡನ್ನೂ ಎದೆಯ ಮಟ್ಟಕ್ಕೆ ಹಿಡಿದು ಮುಂದಿನ ಪದಕ್ಕೆ ಕಾಯುತ್ತಿದ್ದ. ಅವನ ಕಣ್ಣು ಕಾಕಾನ ಬಾಯಿಯ ಮೇಲಿರಲಿಲ್ಲ. ಕಾಕಾನ ಭುಜ ದಾಟಿ, ನನ್ನ ಹೆಗಲಿನ ಮೇಲಿತ್ತು.

ಕಾಕಾ ಏಕತಾರಿಯ ತಂತಿಯನ್ನು ಸುಮ್ಮಸುಮ್ಮನೆ ಬಿಗಿ ಮಾಡಿದ.

"ಇಲ್ಲೆ ಭಾಳ ಸೆಕಿ ಆಗಾಕತ್ತೈತಿ" ಎಂದು ಗೋಡೆಯ ಕಡೆ ಒಂದು ಮೊಳ ಸರಿದು ಕೂತ. ಈಗ ನನಗೂ ಮುತ್ಯಾನಿಗೂ ನಡುವೆ ಯಾರೂ ಇರಲಿಲ್ಲ.

ಮೂರನೆಯ ಪದದ ಮೊದಲ ಸಾಲು ಮುಗಿಸಿ ಕಾಕಾ ನಿಂತ. ಏಕತಾರಿ ಒಂದೇ ಮಿಡಿಯುತ್ತಿತ್ತು. ಅಷ್ಟು ವರ್ಷ ಯಾರಿಗೂ ಕಾಯದ ಹಾಡುಗಾರ ನನ್ನ ಕೆಮ್ಮಿಗಾಗಿ ಕಾಯುತ್ತಿದ್ದ. ಕೆಮ್ಮಿದೆ. ಠಣ್!

ಹೊತ್ತು ಇಳಿಯುವ ತನಕ ಹಾಡಿದರು. ಮುತ್ಯಾ ಒಂದೂ ತಪ್ಪಲಿಲ್ಲ. ಪೇಟಿಯವ ಪೇಟಿಗೆ ಬಟ್ಟೆ ಸುತ್ತುತ್ತ, ಮುತ್ಯಾನಿಗೆ ಕಾಣುವ ಹಾಗೆ ತುಟಿ ಅಗಲಿಸಿ ಹೇಳಿದ: "ತಾಳ ನಿಮ್ಮ ಕೈಯಾಗಽ ಇರ್ಲಿರಿ."

ಎಲ್ಲರೂ ಹೋದರು. ನನ್ನ ಗಂಟಲು ಹರಿದು ಚಿಂದಿಯಾಗಿತ್ತು. ಮುತ್ಯಾ ಧೋತರದ ಚುಂಗಿನಿಂದ ತಾಳ ಒರೆಸಿದ. ಗೂಟದ ಕಡೆ ಹೋಗಲಿಲ್ಲ, ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಬೀಡಿ ಸೇದಾಕ ಹತ್ತಿಯೇನೋ? ಮಧ್ಯಾಹ್ನದಿಂದ ಒಂದಽ ಸವನ ಕೆಮ್ಮಾಕತ್ತಿ."

ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ ನಾನು. ಆದರೂ ತಲೆ ತಗ್ಗಿಸಿ, ಅವನ ಕಿವಿಯ ಹತ್ತಿರ ಹೋಗಿ ಕೂಗಿದೆ: "ಇವತ್ತಽ ಬಿಡ್ತೇನಿ ಮುತ್ಯಾ!"

ಅವನು ದಿಂಬಿನ ಪಕ್ಕದ ತಾಳವನ್ನೊಮ್ಮೆ ಮುಟ್ಟಿ ನೋಡಿದ.

"ಅಷ್ಟ ಅವಸರ ಮಾಡಬ್ಯಾಡ" ಎಂದ. "ಮುಂದಿನ ಅಮಾಸಿ ಮನಗೂಳ್ಯಾಗ ಐತಿ. ಅದೊಂದ ಆಗ್ಲಿ, ಆಮ್ಯಾಲ ಬಿಡುವಂತಿ."