ಬಾನೆಟ್ಟಿನೊಳಗಿನ ಟಿಕ್ ಟಿಕ್

ಗೆಳೆಯರೇ, ನಾಳೆ ಸವಳಂಗದಿಂದ ಮದುಮಗಳನ್ನು ಕೂರಿಸಿಕೊಂಡು ಜಗಳೂರಿಗೆ ಹೋಗಬೇಕು. ಪೂರ್ತಿ ಬಿಚ್ಚಿ ಜೋಡಿಸಿದ ಇಂಜಿನ್ ಹೊತ್ತು ನನ್ನ ಅಂಬಾಸಿಡರ್ ಟ್ಯಾಕ್ಸಿ ನಿನ್ನೆ ಸಂಜೆ ನಮ್ಮೂರು ತ್ಯಾವಣಿಗೆಗೆ ಬಂದಾಗ ಸದ್ದೇ ಇರಲಿಲ್ಲ. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು.

ಇಂಜಿನ್ ಜೋಡಿಸಿದ ದಸ್ತಗೀರ್ ಸಾಬರು ಚನ್ನಗಿರಿಯಿಂದ ಬಸ್ಸು ಹಿಡಿದು ಬಂದರು. ಕಿವಿಗೊಟ್ಟು ಕೇಳಿ, “ವಾಲ್ವಿಂದೇ ಸದ್ದು ಐತೆ. ಇನ್ನೊಂದ್ಸಲ ಬಿಚ್ಚಬೇಕು,” ಅಂದರು.

“ಬಿಚ್ಚಾಕೆ ಬಿಡಲ್ಲ ಸಾಬ್ರೆ. ಮದುವೆ ನಾಳೇನೇ ಐತೆ,” ಅಂದೆ.

ಹಟಕ್ಕೆ ಬಿದ್ದು ಫ್ಯಾನ್ ಬೆಲ್ಟ್ ಕಳಚಿ ಒಂದು ಗಳಿಗೆ ಸ್ಟಾರ್ಟ್ ಮಾಡಿಸಿದೆ. ಸದ್ದು ನಿಂತಿತು. ಅಂದಮೇಲೆ ತೊಂದರೆ ಇರುವುದು ಇಂಜಿನ್ನಿನಲ್ಲಲ್ಲ, ಫ್ಯಾನಿನ ಹತ್ತಿರ. ಬಗ್ಗಿ ಕೈ ಹಾಕಿದೆ. ರೇಡಿಯೇಟರಿನ ಹಿಂದೆ ಕಪ್ಪು ದಾರದಲ್ಲಿ ಒಂದು ಕವಡೆ ನೇತಾಡುತ್ತಿತ್ತು. ಫ್ಯಾನಿನ ರೆಕ್ಕೆ ಬಡಿದು ಬಡಿದು ಅದರ ಅಂಚು ಚಕ್ಕೆ ಎದ್ದಿತ್ತು.

ಅವ್ವ ಜಗಲಿಯಿಂದಲೇ ಹೇಳಿದಳು: “ನಾನೇ ಕಟ್ಟಿದ್ದು. ಹೊಸ ಇಂಜಿನ್ನಿಗೆ ದೃಷ್ಟಿ ಆಗಬಾರ್ದು ನೋಡು. ಮುಂದೆ ಕಟ್ಟಿದ್ರೆ ನೀನು ಕಿತ್ತು ಬಿಸಾಕ್ತೀಯ, ಅದಕ್ಕೆ ಒಳಗೆ ಕಟ್ಟಿದೆ.”

“ಇದರ ದೆಸೆಯಿಂದ ಇಂಜಿನ್ನೇ ಬಿಚ್ಚಾಕೆ ಹೊಂಟಿದ್ರಲ್ಲವ್ವ,” ಅಂದೆ.

ಅವಳು ನನ್ನನ್ನು ಬಿಟ್ಟು ಸಾಬರನ್ನು ಕೇಳಿದಳು: “ಈಗ ಇಂಜಿನ್ನಿಗೆ ಏನಾದ್ರೂ ಆಗೈತಾ?”

“ಏನೂ ಆಗಿಲ್ಲ ಬಿಡ್ರಮ್ಮ.”

“ಮತ್ತೆ? ಕವಡೆ ಕಟ್ಟಿದ್ದಕ್ಕೇ ಏನೂ ಆಗಿಲ್ಲ.”

ದಾರ ಬಿಚ್ಚಿ ಕವಡೆ ಹೊರಗೆ ತೆಗೆದು, ಬೆಲ್ಟ್ ಮತ್ತೆ ಹಾಕಿದೆ. ಈಗ ಕವಡೆ ಮುಂದಿನ ಬಂಪರಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುತ್ತಿದೆ. ಕಟ್ಟಿದವನು ನಾನೇ, ಅವ್ವನ ಎದುರಿಗೇ, ಎರಡು ಗಂಟು ಹಾಕಿ.