ಮಿಲ್ಲಿನಕ್ಕನ ನಾಮಪತ್ರ

ನನಗೊಂದು ಚಟವಿತ್ತು. ಬೀಡಿ, ಇಸ್ಪೀಟು ಅಲ್ಲ. ಕಂಡಕಂಡವರನ್ನೆಲ್ಲ ಎಲೆಕ್ಷನ್ನಿಗೆ ನಿಲ್ಲಿಸುವ ಚಟ. ಮಾಗಡಿಯ ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿಗೆ ಅರ್ಜಿ, ಪಿಂಚಣಿಗೆ ಅರ್ಜಿ, ಜಾತಿ ಸರ್ಟಿಫಿಕೇಟಿಗೆ ಅರ್ಜಿ, ಎಲ್ಲವನ್ನೂ ಬರೆದುಕೊಡುತ್ತಿದ್ದವನು ನಾನೇ. ಪುರಸಭೆ ಚುನಾವಣೆ ಬಂತೆಂದರೆ ನಾಮಪತ್ರಗಳೂ ಅಲ್ಲಿಗೇ ಬರುತ್ತಿದ್ದವು. ದೊಡ್ಡ ಪಕ್ಷದವರಿಗೆ ವಕೀಲರಿದ್ದರು. ದಿಕ್ಕಿಲ್ಲದ ಪಕ್ಷೇತರರಿಗೆ, ರೈತರ ಒಂದು ಪುಟ್ಟ ಪಕ್ಷದವರಿಗೆ ನಾನೇ ವಕೀಲ, ನಾನೇ ಬಂಟ. ರಿಟೈರಾದ ಒಬ್ಬ ಬಸ್ ಕಂಡಕ್ಟರನ್ನು ನಿಲ್ಲಿಸಿದ್ದೆ, ಒಬ್ಬ ಸೈಕಲ್ ಶಾಪಿನವನನ್ನು ನಿಲ್ಲಿಸಿದ್ದೆ. ಇಬ್ಬರೂ ಸೋತರು. ಸೋತಿದ್ದು ಅಂದರೆ ಎಂಥ ಸೋಲು, ಅವರವರ ಮನೆಯ ಓಟೇ ಪೂರ್ತಿ ಬಿದ್ದಿರಲಿಲ್ಲ!

"ಊರೋರ್ನೆಲ್ಲ ನಿಲ್ಸಿ ನಿಲ್ಸಿ ಬೀಳಿಸ್ತೀರಲ್ಲ, ನೀವೇ ಒಂದ್ಸಲ ನಿಂತ್ಕೋಬಾರ್ದಾ?" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

"ನಾನು ನಿಂತ್ರೆ ಫಾರಂ ತುಂಬೋರ್ಯಾರೇ?" ಎಂದು ಸಿಡುಕುತ್ತಿದ್ದೆ. ಸಿಟ್ಟು ಆಗ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಆಗುತ್ತದಂತೆ ಎಂಬ ಮಾತು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಓಡಾಡುತ್ತಿದ್ದ ಕಾಲ. ಬಿಡದಿಯಲ್ಲಿ ವರ್ಷಕ್ಕೊಂದು ಫ್ಯಾಕ್ಟರಿ ಏಳುತ್ತಿತ್ತು. ನಮ್ಮ ಬೀದಿಯಿಂದಲೇ ಹತ್ತಾರು ಹೆಣ್ಣುಮಕ್ಕಳು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಕು ಹರಿಯುವ ಮುಂಚೆಯೇ ವ್ಯಾನು ಬರುತ್ತಿತ್ತು. ಹುಡುಗಿಯರು ಡಬ್ಬಿ ಹಿಡಿದುಕೊಂಡು, ಒಂದೂ ಲೈಟು ಉರಿಯದ ಬೀದಿಯಲ್ಲಿ, ಬಾಯಿ ತೆರೆದುಕೊಂಡ ಮೋರಿಯ ಪಕ್ಕ ಕಾಯುತ್ತಾ ನಿಂತಿರುತ್ತಿದ್ದರು.

ಅವರಲ್ಲೊಬ್ಬಳು ಮಿಲ್ಲಿನಕ್ಕನ ಮಗಳು. ಮಿಲ್ಲಿನಕ್ಕ ಅಂದರೆ ನಮ್ಮ ಬೀದಿಯ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ ಹೆಂಗಸು. ಗಂಡ ಹೋದ ಮೇಲೆ ಮೋಟಾರು, ಬೆಲ್ಟು, ಸವೆದ ಬೀಸುಕಲ್ಲು ಕೊರೆಸುವುದು ಎಲ್ಲವನ್ನೂ ತಾನೇ ಕಲಿತುಕೊಂಡು ನಿಭಾಯಿಸಿದ್ದಳು. ಆಹಾ, ಆ ಮಿಲ್ಲಿನ ವಾಸನೆ! ಬಿಸಿ ಬಿಸಿ ರಾಗಿ ಹಿಟ್ಟು ಡಬ್ಬಕ್ಕೆ ಬೀಳುವಾಗ ಬರುತ್ತಿದ್ದ ಆ ಘಮ ಈಗಿನ ಪ್ಯಾಕೆಟ್ ಹಿಟ್ಟಿನಲ್ಲಿ ಎಲ್ಲಿ ಬಂತು? ಕರೆಂಟು ಬಂದ ಕೂಡಲೇ ಬೀದಿಯ ಹೆಂಗಸರೆಲ್ಲ ಚೀಲ ಹೊತ್ತು ಓಡುತ್ತಿದ್ದರು. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ರಾಗಿ ಮುಗಿದಿದೆ, ಎಲ್ಲ ಅವಳಿಗೆ ಗೊತ್ತು. ಅವಳು ನನಗೆ ಅಣ್ಣ ಅನ್ನುತ್ತಿದ್ದಳು, ನಾನು ಅವಳಿಗೆ ಅಕ್ಕ ಅನ್ನುತ್ತಿದ್ದೆ.

ಒಂದು ಮುಂಜಾನೆ ಅವಳ ಮಗಳು ಕತ್ತಲಲ್ಲಿ ಮೋರಿಗೆ ಬಿದ್ದು ಕಾಲು ಮುರಿದುಕೊಂಡಳು. ಅಕ್ಕ ಆ ಕಾಲಿಗೆ ಪಟ್ಟಿ ಹಾಕಿಸಿ, ನೇರವಾಗಿ ನಮ್ಮ ವಾರ್ಡಿನ ಮೆಂಬರ ಮನೆಗೆ ಹೋದಳು. "ಆಯ್ತು ಬುಡಮ್ಮ, ಲೈಟು ಆಕ್ಸಣ" ಎಂದ ಆ ಮಹಾನುಭಾವ. ಅಷ್ಟೇ, ಮರೆತೇಬಿಟ್ಟ. ಅವಳು ಐದಾರು ಸಲ ಅಲೆದಳು. ಅಷ್ಟರಲ್ಲಿ ಚುನಾವಣೆ ಬಂತು. ವಾರ್ಡು ಮಹಿಳೆಗೆ ಮೀಸಲಾಯಿತು. ಮೆಂಬರು ತನ್ನ ಹೆಂಡತಿಯನ್ನು ನಿಲ್ಲಿಸಿದ. ಆಕೆಯನ್ನು ನಾವು ಪೋಸ್ಟರಿನಲ್ಲಿ ಬಿಟ್ಟರೆ ಬೀದಿಯಲ್ಲಿ ಕಂಡವರಲ್ಲ. ಉಳಿದ ಪಕ್ಷದವರು ಒಳಗೊಳಗೇ ರಾಜಿಯಾಗಿ ಆ ವಾರ್ಡನ್ನು ಬಿಟ್ಟುಕೊಟ್ಟಿದ್ದರು.

ಅಂಗಡಿಯ ಬಾಗಿಲು ಎಳೆದುಕೊಂಡು ಎದ್ದೆ. ಸೀದಾ ಮಿಲ್ಲಿಗೆ ಹೋಗಿ, ನೀವೇ ನಿಂತ್ಕೊಳ್ಳಿ ಅಕ್ಕ ಎಂದೆ.

"ಅಯ್ಯೋ ಬುಡಣ್ಣ, ಹಿಟ್ಟು ಬೀಸೋಳ್ಗೆ ಯಾತ್ರ ಎಲೆಕ್ಷನ್ನು?" ಎಂದು ನಕ್ಕಳು.

"ಆ ಮನೇಲಿ ಕೂತಿರೋ ಅಮ್ಮಂಗೆ ನಮ್ಮ ಬೀದೀಲಿ ಎಷ್ಟು ಮೋರಿ ಅವೆ ಅಂತ ಗೊತ್ತಾ ಅಕ್ಕ? ನಿಮಗೆ ಎಷ್ಟು ಚಪ್ಪಡಿ ಒಡೆದಿದೆ ಅನ್ನೋದೂ ಗೊತ್ತು."

ನಾಲ್ಕು ದಿನ ಬೆನ್ನು ಹತ್ತಿದೆ. ಐದನೆಯ ದಿನ ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಳು. "ನಿಂತ್ಕೋತೀನಿ. ಆದ್ರೆ ಅಣ್ಣ, ನಂಗೆ ಮೊಕ ನೋಡಿ ಇಲ್ಲ ಅನ್ನಕ್ಕೆ ಬರಾಕಿಲ್ಲ. ಯಾರಾನಾ ಬಂದು ಕೇಳ್ಕೊಂಡ್ರೆ ಕರಗೋಯ್ತೀನಿ. ನೀವು ಗಟ್ಟಿಯಾಗಿ ಇರ್ಬೇಕು" ಎಂದಳು. ಇರ್ತೀನಿ ಎಂದೆ. ಅಷ್ಟು ಸಲೀಸಾಗಿ ನಾನು ಬೇರೆ ಯಾವ ಮಾತನ್ನೂ ಕೊಟ್ಟಿದ್ದಿಲ್ಲ.

ನಾಮಪತ್ರ ಹಾಕುವ ದಿನ ಮಿಲ್ಲಿಗೆ ಬಂದಿದ್ದ ಹೆಂಗಸರೆಲ್ಲ ಚೀಲಗಳನ್ನು ಅಲ್ಲೇ ಬಿಟ್ಟು ಅವಳ ಹಿಂದೆ ನಡೆದರು. ತಮಟೆಯಿಲ್ಲ, ಹಾರವಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಪಕ್ಷೇತರರ ಚಿಹ್ನೆಗಳ ಪಟ್ಟಿ ತೋರಿಸಿದರೆ ಬಹಳ ಹೊತ್ತು ನೋಡಿ, "ಇದೇ ಇರ್ಲಿ" ಎಂದು ಬ್ಯಾಟರಿ ಟಾರ್ಚಿನ ಚಿತ್ರದ ಮೇಲೆ ಬೆರಳಿಟ್ಟಳು. ಕತ್ತಲ ಬೀದಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕೆ ಎಂದು ಎಲ್ಲರೂ ಕೈ ತಟ್ಟಿದರು. ಅವತ್ತು ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿಗೆ ಇದನ್ನು ಹೇಳಿಲ್ಲ.

ನಮ್ಮ ಕಡೆ ಚುನಾವಣೆ ನಡೆಯುವುದು ಓಟಿನ ದಿನವಲ್ಲ, ನಾಮಪತ್ರ ವಾಪಸ್ ತೆಗೆಯುವ ದಿನ. ಅದಕ್ಕೆ ಮುಂಚಿನ ಎರಡು ದಿನ ಊರ ಹಿರಿಯರು, ನೆಂಟರು, ಬೀಗರು ಮನೆಗೆ ಬರುತ್ತಾರೆ. ಹೆದರಿಸುವುದಿಲ್ಲ. ಕಾಫಿ ಕುಡಿಯುತ್ತಾರೆ, ಮಕ್ಕಳ ತಲೆ ಸವರುತ್ತಾರೆ, ಆಮೇಲೆ ಕೇಳಿಕೊಳ್ಳುತ್ತಾರೆ. ದಾಕ್ಷಿಣ್ಯಕ್ಕೆ ಬಿದ್ದು ಎಂತೆಂಥವರೋ ವಾಪಸ್ ತೆಗೆದಿದ್ದನ್ನು ಕಂಡಿದ್ದೆ. ಅಕ್ಕನ ಮನೆಗೂ ಬಂದರು. ಅವಳು ಒಂದು ಉಪಾಯ ಹೂಡಿದ್ದಳು. "ನಂಗೇನೂ ತಿಳೀದು. ನಿಲ್ಸಿರೋದು ಜೆರಾಕ್ಸಿನ ಅಣ್ಣ. ಅವ್ರೇ ಬಂದು ತಗಿ ಅಂದ್ರೆ ತಗೀತೀನಿ" ಎಂದು ಎಲ್ಲರಿಗೂ ಅದೇ ಉತ್ತರ. ನಾನು ಹಾಗೆ ಹೇಳುವವನಲ್ಲ ಎಂಬ ನಂಬಿಕೆಯ ಮೇಲೆ ಅವಳು ನಿರಾಳವಾಗಿ ಹಿಟ್ಟು ಬೀಸುತ್ತಿದ್ದಳು.

ಸರಿ, ದಂಡು ನನ್ನ ಅಂಗಡಿಗೆ ತಿರುಗಿತು. ಮೆಂಬರ ಕಡೆಯ ಇಬ್ಬರು ಬಂದು, "ಇದು ಪುರಸಭೆ ಮಳಿಗೆ ಕಣಣ್ಣ, ಒಸಿ ಜ್ಞಾಪಕ ಇರ್ಲಿ" ಎಂದರು. ಬಾಯಿಗೆ ಬಂದಂತೆ ಬೈದೆ. "ಬೀಗ ಜಡೀರ್ಲಾ! ಮರದಡಿ ಕೂತ್ಕೊಂಡು ಬರೀತೀನಿ!" ಎಂದು ನಾನು ಕೂಗಿದ್ದು ಕಚೇರಿಯ ಒಳಗೂ ಕೇಳಿಸಿತಂತೆ. ಸಂಜೆ ಅಕ್ಕ ಒಂದು ಡಬ್ಬಿ ಹುರಿಹಿಟ್ಟು ಕಳಿಸಿದಳು. ನಾನು ಬೀಗಿಹೋಗಿದ್ದೆ.

ವಾಪಸ್ ತೆಗೆಯಲು ಕಡೆಯ ದಿನ, ಮಧ್ಯಾಹ್ನ ಮೂರು ಗಂಟೆಯವರೆಗೆ ಸಮಯ. ಹನ್ನೆರಡರ ಹೊತ್ತಿಗೆ ಕಲ್ಯದಿಂದ ಬಂದ ಬಸ್ಸಿನಲ್ಲಿ ನನ್ನ ಸ್ವಂತ ಅಕ್ಕ ಇಳಿದಳು. ಹೊಲದಿಂದ ಎದ್ದು ಬಂದಂತಿದ್ದಳು, ಕಾಲಲ್ಲಿ ಇನ್ನೂ ಮಣ್ಣಿತ್ತು. ನಮ್ಮಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಅವಳ ಮಗಳನ್ನು ಮೆಂಬರ ತಮ್ಮನಿಗೆ ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು, "ಮಗೀನ ಎರಡ್ ದಿನದಿಂದ ಆ ಮನೇಲಿ ಯಾರೂ ಮಾತಾಡಿಸ್ತಿಲ್ವಂತೆ ಕಣಪ್ಪ. ನಿಮ್ ಮಾವ ನಮ್ ಮರ್ಯಾದೆ ಕಳೀತಾವ್ನೆ ಅಂತಾರಂತೆ. ಅವ್ಳು ಅಲ್ಲಿ ಬಾಳ್ಬೇಕಲ್ಲಪ್ಪ" ಎಂದಳು. ಅಷ್ಟೇ.

ಅಂಗಡಿ ಹೋದರೂ ಹೋಗಲಿ ಎಂದು ಕೂಗಾಡಿದವನು ನಾನೇ. ಅಕ್ಕ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಗಡಿಯಾರ ನೋಡಿದೆ. ವಾಪಸಾತಿ ಫಾರಂ ನನ್ನಲ್ಲೇ ಇತ್ತು, ಬೇರೆಯವರಿಗೆಂದು ನಾನೇ ಜೆರಾಕ್ಸ್ ಮಾಡಿ ಇಟ್ಟಿದ್ದೆ. ಒಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದೆ.

ಮಿಲ್ಲು ಓಡುತ್ತಿತ್ತು. ಏಳೆಂಟು ಹೆಂಗಸರು ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಮಿಲ್ಲಿನಕ್ಕ ನನ್ನನ್ನು ಕಂಡು ನಕ್ಕಳು. ಆ ಗದ್ದಲದಲ್ಲಿ ನಾನು, "ವಾಪಸ್ ತಗೊಂಡುಬಿಡಿ ಅಕ್ಕ" ಎಂದೆ. ಅವಳಿಗೆ ಕೇಳಿಸಲಿಲ್ಲ. "ಏನಣ್ಣ?" ಎಂದು ಕೈಯಾಡಿಸಿ, ಹೋಗಿ ಮೋಟಾರು ಆಫ್ ಮಾಡಿ ಬಂದಳು. ಬೆಲ್ಟು ನಿಧಾನವಾಗಿ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಥೂ, ಅದೇ ಮಾತನ್ನು ನಾನು ಇನ್ನೊಂದು ಸಲ ಹೇಳಬೇಕಾಯಿತು.

ಹೇಳಿದೆ. ನಮ್ಮಕ್ಕನ ಮಗಳ ವಿಷಯವನ್ನೂ ತೊದಲಿದೆ.

"ನೀವೇ ಬರ್ತೀರಾ ಅಂತ ಅಂದ್ಕೊಂಡಿರ್ಲಿಲ್ಲ ಕಣಣ್ಣ" ಎಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಹೆಣ್ಣೆತ್ತೋರ ಸಂಕಟ ನಂಗೂ ಗೊತ್ತು. ನಡೀರಿ, ಮೂರ್ಗಂಟೆ ಆಗೋಯ್ತದೆ" ಎಂದು ಕೈ ಒರೆಸಿಕೊಂಡಳು. ಫಾರಂ ತುಂಬಿದ್ದು ನಾನೇ, ನನ್ನ ಅದೇ ದುಂಡು ಅಕ್ಷರದಲ್ಲಿ. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಬೆರಳಿನ ಹಿಟ್ಟು ಕಾಗದಕ್ಕೆ ಅಂಟಿತು. ಅಧಿಕಾರಿ ಅದನ್ನು ಊದಿ ಸೀಲು ಒತ್ತಿದ.

ನಮ್ಮಕ್ಕನ ಮಗಳನ್ನು ಆ ಮನೆಯವರು ಮತ್ತೆ ಮಾತಾಡಿಸಿದರು. ಈಗಲೂ ಚೆನ್ನಾಗಿದ್ದಾಳೆ. ನಾನು ಗಟ್ಟಿಯಾಗಿ ನಿಂತಿದ್ದರೂ ನಾಲ್ಕು ದಿನ ಮುನಿಸಿಕೊಂಡಿದ್ದು ಆಮೇಲೆ ಮಾತಾಡಿಸುತ್ತಿದ್ದರೋ ಏನೋ. ಅದು ಯಾರಿಗೆ ಗೊತ್ತು? ಬೀದಿಗೆ ಲೈಟಂತೂ ಬರಲಿಲ್ಲ. ಮಿಲ್ಲಿನಕ್ಕನ ಮಗಳು ಕಾಲು ಸರಿಹೋದ ಮೇಲೆ ಮತ್ತೆ ಅದೇ ಕತ್ತಲಲ್ಲಿ ವ್ಯಾನಿಗೆ ನಿಂತಳು.

ಓಟಿನ ದಿನ ಊರೆಲ್ಲ ಗಿಜಿಗಿಜಿ. ನಮ್ಮ ವಾರ್ಡಿನಲ್ಲಿ ಮಾತ್ರ ಅವಿರೋಧ ಆಯ್ಕೆ, ಓಟೇ ಇಲ್ಲ. ನಾನು ಅಂಗಡಿಯ ಬಾಗಿಲು ಅರ್ಧ ಎತ್ತಿ ಒಳಗೆ ಕೂತಿದ್ದೆ. ನಮ್ಮ ಬೀದಿಯ ಕೊನೆ ಮನೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರಿದ್ದರು. ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ಬಗ್ಗಿಕೊಂಡು ಒಳಗೆ ಬಂದರು. ಕೈಯಲ್ಲಿ ಓಟಿನ ಕಾರ್ಡು.

"ಇಸ್ಕೂಲು ಬಾಗ್ಲು ಆಕೈತಲ್ಲ ಮಗ, ನಮ್ಮ ಓಟು ಎಲ್ಲಿ ಆಕ್ತಾರೆ?"

"ನಮ್ಮ ಬೀದಿಗೆ ಈ ಸಲ ಓಟಿಲ್ಲ ಅಜ್ಜಿ. ಒಬ್ಬರೇ ನಿಂತಿರೋದು."

"ಒಬ್ರೇ ಎಲ್ಲಿ? ನಮ್ ಮಿಲ್ಲಿನೋಳು ನಿಂತಿದ್ಲಲ್ಲ! ಅವ್ಳಿಗೇ ಆಕಣ ಅಂತ ಸೊಪ್ಪೂ ಮಾರಕ್ಕೋಗ್ದೆ ಬಂದಿವ್ನಿ. ಯಾವನ್ಲಾ ಅವ್ಳ್ನ ಕೂರ್ಸಿದ್ದು? ಯೋಳು, ಅವ್ನ ಮನೆ ಬಾಗ್ಲಿಗೋಗಿ ಮೊಕಕ್ಕೆ ಉಗ್ದು ಬತ್ತೀನಿ."

"ಎಲ್ಲಿಗೂ ಹೋಗಬೇಡಿ ಅಜ್ಜಿ" ಎಂದೆ. "ನಾನೇ ಕೂರಿಸಿದ್ದು."

ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಾಗಿಲಿಗೆ ತಲೆ ತಗ್ಗಿಸಿ ಹೊರಟುಹೋದರು. ಉಗಿದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.